ಗೊಮ್ಮಟನ ಪಾದತಲದ ಹೆಸರು

ಕಲೆಯು ಪ್ರಭುತ್ವದ ಕೀರ್ತಿಪತಾಕೆ ಮಾತ್ರವೇ? ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಈ ಪ್ರಶ್ನೆಯೊಡನೆ ನೋಡಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಮಾಡಿಸಿದ ಚಾವುಂಡರಾಯನು ಗಂಗರಾಜ ರಾಚಮಲ್ಲನ ಮಂತ್ರಿ, ದಂಡನಾಯಕ, ‘ಸಮರಪರಶುರಾಮ’ನೆಂಬ ಬಿರುದುಳ್ಳವನು. ಅವನು ಆರಿಸಿಕೊಂಡದ್ದಾದರೋ, ಅಣ್ಣ ಭರತನನ್ನು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದೂ ರಾಜ್ಯವನ್ನು ತೊರೆದ ಬಾಹುಬಲಿಯನ್ನು. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ವು ಈ ಪ್ರಸಂಗವನ್ನು ಕನ್ನಡದಲ್ಲಿ ನೆಲೆಗೊಳಿಸಿತ್ತು, ಚಾವುಂಡರಾಯನ ಗುರು ನೇಮಿಚಂದ್ರಾಚಾರ್ಯರು ಕರ್ಮಸಿದ್ಧಾಂತವನ್ನು ‘ಗೊಮ್ಮಟಸಾರ’ದಲ್ಲಿ ನಿರೂಪಿಸಿದರು. ಕಾವ್ಯದ ಕಥೆ, ದರ್ಶನದ ವೈರಾಗ್ಯಗಳೆರಡೂ ಸುಮಾರು 58 ಅಡಿಯ ಏಕಶಿಲೆಯಲ್ಲಿ ಮೂರ್ತಗೊಂಡವು. ಪಾದದ ಬಳಿಯ ಶಾಸನವು ಮಾಡಿಸಿದವನ ಹೆಸರನ್ನು ಸಾರುತ್ತದೆ. ಕೀರ್ತಿಯ ಆಸೆ ಅಲ್ಲಿದೆ, ನಿಜ. ಆದರೆ ಆ ಹೆಸರಿಗೆ ದೊರೆತ ತಾಣ ಗೆಲುವನ್ನೇ ತೊರೆದವನ ಕಾಲಡಿ. ಗಂಗರ ರಾಜ್ಯ ಕೆಲವೇ ದಶಕಗಳಲ್ಲಿ ಅಳಿಯಿತು. ಅಧಿಕಾರದ ಮಿತಿಯನ್ನು ತೋರುವ ಶಿಲ್ಪ ಉಳಿಯಿತು.