ಅಳೆಯುವ ಕೊಳಗ

ನಮ್ಮಜ್ಜ ಕಣದಲ್ಲಿ ರಾಶಿ ಅಳೆಯುವ ಮುನ್ನ ಕೊಳಗವನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದ. ಒಳಗೆ ಮಣ್ಣು ಮೆತ್ತಿಕೊಂಡಿದ್ದರೆ ಅಳತೆಗೊಂದು ಹಿಡಿ ಕಡಿಮೆ. ನೂರು ಕೊಳಗಕ್ಕೆ ನೂರು ಹಿಡಿ. 2020ರ ಏಪ್ರಿಲ್‌ನಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಆ ಕೊಳಗ ನನಗೆ ಮತ್ತೆ ಮತ್ತೆ ನೆನಪಾಯಿತು.

ಆಗ ಎಲ್ಲರ ಬಾಯಲ್ಲೂ ಶೀಘ್ರ ಪರೀಕ್ಷೆಯ ಕಾರ್ಡಿನದೇ ಮಾತು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ಹಾಕಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಆದರೆ ಆ ಕಾರ್ಡು ಹುಡುಕುವುದು ಕೊರೊನಾ ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ಕಟ್ಟಿಕೊಳ್ಳುವ ಪ್ರತಿಕಾಯಗಳನ್ನು. ಕಳ್ಳನನ್ನಲ್ಲ, ಕಳ್ಳನ ಹೆಜ್ಜೆಗುರುತನ್ನು ಎನ್ನಿ. ಆ ಗುರುತು ಮೂಡಲು ವಾರವೋ ಎರಡು ವಾರವೋ ಬೇಕು. ನಿನ್ನೆ ಜ್ವರ ಬಂದವನಲ್ಲಿ ಅದು ಸಿಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಚೀನಾದಿಂದ ಲಕ್ಷಗಟ್ಟಲೆ ಕಾರ್ಡು ತರಿಸಿ ರಾಜ್ಯಗಳಿಗೆ ಹಂಚಿತು. ಸೋಂಕು ಮೊದಲೇ ಖಚಿತವಾಗಿದ್ದವರ ಮೇಲೆ ಪ್ರಯೋಗಿಸಿ ನೋಡಿದ ರಾಜಸ್ಥಾನ, ಸರಿಯುತ್ತರ ಬಂದದ್ದು ನೂರಕ್ಕೆ 5.4 ಮಾತ್ರ ಎಂದಿತು. ಏಪ್ರಿಲ್ 21ರಂದು ಎರಡು ದಿನ ಬಳಸಬೇಡಿ ಎಂಬ ಸೂಚನೆ ಬಂತು. 27ರಂದು, ಹಿಂದಿರುಗಿಸಿಬಿಡಿ ಎಂದು.

ಇದು ಎಲ್ಲರಿಗೂ ಕಾಣುವಂಥ ತಪ್ಪು. ಕಾಣದ ತಪ್ಪಿನ ಕಥೆ ನಡೆದದ್ದು ದೂರದ ಕ್ಯಾಲಿಫೋರ್ನಿಯದಲ್ಲಿ, ನಮ್ಮ ಎಷ್ಟೋ ಮನೆಗಳ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಹೋಗಿ ನೆಲೆಸಿರುವ ಸಾಂಟಾ ಕ್ಲಾರ ಕೌಂಟಿಯಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಏಪ್ರಿಲ್‌ನ ಮೊದಲ ವಾರ 3,330 ಮಂದಿಯ ಬೆರಳು ಚುಚ್ಚಿದರು. 50 ಮಂದಿಯಲ್ಲಿ ಗೆರೆ ಮೂಡಿತು. ಜನಸಂಖ್ಯೆಗೆ ಹೊಂದಿಸಿ ಲೆಕ್ಕ ಹಾಕಿ, ಕೌಂಟಿಯಲ್ಲಿ 48,000ದಿಂದ 81,000 ಮಂದಿಗೆ ಸೋಂಕು ತಗುಲಿ ಹೋಗಿದೆ ಎಂದರು. ಅಧಿಕೃತ ಲೆಕ್ಕ ಸಾವಿರದಷ್ಟೂ ಇರಲಿಲ್ಲ. ಅಂದರೆ ಕಾಯಿಲೆ ನಾವಂದುಕೊಂಡಷ್ಟು ಮಾರಕವಲ್ಲ, ಬಾಗಿಲು ತೆಗೆಯಬಹುದೇನೋ! ವರದಿ ಹೊರಬಿದ್ದ ದಿನವೇ ವಾದ ಶುರುವಾಯಿತು.

ಸಂಖ್ಯಾಶಾಸ್ತ್ರಜ್ಞರು ಕೊಳಗದ ತಳ ತಟ್ಟಿದರು. ಸೋಂಕಿಲ್ಲವೆಂದು ಖಚಿತವಿದ್ದ 401 ರಕ್ತದ ಮಾದರಿಗಳಲ್ಲಿ ಕಾರ್ಡು ಎರಡರಲ್ಲಿ ಸುಳ್ಳು ಗೆರೆ ತೋರಿಸಿತ್ತು. ನೂರಕ್ಕೆ ಅರ್ಧ, ಏನು ಮಹಾ ಎನ್ನಿಸುತ್ತದೆ. ಆದರೆ ಇಷ್ಟು ಕಡಿಮೆ ಮಾದರಿಯಿಂದ ನಿಜವಾದ ಸುಳ್ಳಿನ ಪ್ರಮಾಣ ನೂರಕ್ಕೆ ಅರ್ಧವೋ ಒಂದೂವರೆಯೋ ಎಂದು ಹೇಳುವುದು ಕಷ್ಟ. ಒಂದೂವರೆಯಾದರೆ? 3,330ಕ್ಕೆ ಸರಿಸುಮಾರು 50. ಅಂದರೆ ಸಿಕ್ಕ ಐವತ್ತೂ ಸುಳ್ಳಿರಬಹುದು! ಸಾಲದ್ದಕ್ಕೆ ಜನರನ್ನು ಕರೆದದ್ದು ಫೇಸ್‌ಬುಕ್ ಜಾಹೀರಾತಿನಿಂದ. ತನಗೆ ಬಂದು ಹೋಗಿದೆಯೆಂಬ ಗುಮಾನಿ ಇದ್ದವನೇ ಮೊದಲು ಓಡಿ ಬಂದಾನು. ಸಂಶೋಧಕರು ಆ ತಿಂಗಳ ಕೊನೆಗೆ ಮೂರು ಸಾವಿರಕ್ಕೂ ಹೆಚ್ಚು ಮಾದರಿಗಳ ಆಧಾರ ಕೂಡಿಸಿ ಕಾರ್ಡನ್ನು ಸಮರ್ಥಿಸಿಕೊಂಡರು. ಆದರೂ ಅಂದಾಜಿನ ಅಂಚುಗಳು ಎರಡೂ ಕಡೆಗೆ ಹಿಗ್ಗಿದವು. ಮೊದಲೇ ಅಷ್ಟು ಹಿಗ್ಗಿಸಿ ಹೇಳಿದ್ದರೆ ಅಷ್ಟು ಗದ್ದಲವಾಗುತ್ತಿರಲಿಲ್ಲ, ಬಹುಶಃ ಅಷ್ಟು ಪ್ರಚಾರವೂ.

ಈ ಲೆಕ್ಕ ನಮ್ಮ ಮನೆಗೂ ಬಂತು. ಆ ವರ್ಷದ ದಸರೆಯ ಹೊತ್ತಿಗೆ ನನ್ನಣ್ಣ ಯಾರೋ ಪರಿಚಯದವರು ಕೊಟ್ಟ ಕಾರ್ಡಿನಲ್ಲಿ ಪರೀಕ್ಷಿಸಿಕೊಂಡ. ಗೆರೆ ಮೂಡಿತು. "ನನಗೆ ಗೊತ್ತಿಲ್ಲದೆ ಬಂದು ಹೋಗಿದೆ ಕಣೋ" ಎಂದು ಮುಖಗವಸು ಬಿಚ್ಚಿಟ್ಟ. ನಾನು ಕಾಗದ ತೆಗೆದು ತೋರಿಸಿದೆ: ಸಾವಿರ ಮಂದಿಯಲ್ಲಿ ಹತ್ತೇ ಜನಕ್ಕೆ ಬಂದು ಹೋಗಿದ್ದು, ಕಾರ್ಡು ನೂರಕ್ಕೆ ಎರಡು ಸುಳ್ಳು ಹೇಳಿದರೆ, ಹತ್ತು ನಿಜದ ಗೆರೆಯ ಪಕ್ಕ ಇಪ್ಪತ್ತು ಸುಳ್ಳು ಗೆರೆ. "ಹತ್ತೇ ಎಂದು ನಿನಗೆ ಯಾರು ಹೇಳಿದರು?" ಎಂದ. ನ್ಯಾಯವಾದ ಪ್ರಶ್ನೆಯೇ. ಡಿಸೆಂಬರಿನಲ್ಲಿ ಅವನಿಗೆ ಜ್ವರ ಬಂತು. ಹತ್ತೊಂಬತ್ತು ದಿನ ಆಸ್ಪತ್ರೆ. ಮೊದಲ ಗೆರೆ ಸುಳ್ಳಾಗಿತ್ತೋ, ನಿಜವಾಗಿದ್ದೂ ಕಾಯಲಿಲ್ಲವೋ, ಹೇಳುವಂತಿಲ್ಲ.

ಅದೇ ವೈದ್ಯಕೀಯ ಮಂಡಳಿ 2020ರ ಮೇ–ಜೂನ್‌ನಲ್ಲಿ ದೇಶದ ಮೊದಲ ಪ್ರತಿಕಾಯ ಸಮೀಕ್ಷೆ ಮಾಡಿದಾಗ ಕಾರ್ಡು ಬಳಸಲಿಲ್ಲ. ಪುಣೆಯ ವೈರಾಣು ಸಂಸ್ಥೆಯಲ್ಲಿ ರೂಪುಗೊಂಡ ಎಲೈಸಾ ಪರೀಕ್ಷೆ ಮಾಡಿತು. ಅದರಲ್ಲಿ ಸಿಕ್ಕವರ ರಕ್ತವನ್ನು ಇನ್ನೊಂದು ಬಗೆಯ ಎಲೈಸಾದಲ್ಲಿ ಮತ್ತೆ ನೋಡಿತು. 28,000 ವಯಸ್ಕರ ರಕ್ತದಿಂದ ಹೊರಟ ಅಂದಾಜು, ನೂರಕ್ಕೆ 0.73. ಅಣ್ಣನಿಗೆ ಈ ಅಂಕಿ ತೋರಿಸಿದೆ. ಅವನು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಎರಡನೆಯ ಸಲ ನೋಡಿದ್ದು ಯಾಕೆ ಎಂದು ಕೇಳಿದ.