ಕಿರ್ಲೋಸ್ಕರ್ ಖಬರ್

ಕಿರ್ಲೋಸ್ಕರ್ ಕಾರ್ಖಾನೆ 1920ರಲ್ಲಿ ಆರಂಭಿಸಿದ ಮರಾಠಿ ಮಾಸಿಕ. ನೆಲೆಯೂರಿದ ಉದ್ಯಮವೊಂದು ಬರಹದ ಮೂಲಕ ಗಿರಾಕಿಗಳನ್ನು ಹತ್ತಿರ ಮಾಡಿಕೊಂಡದ್ದಕ್ಕೆ ಕರ್ನಾಟಕ–ಮಹಾರಾಷ್ಟ್ರ ಗಡಿಭಾಗದ ಹಳೆಯ, ಬಹುಶಃ ಅತ್ಯಂತ ಯಶಸ್ವಿ ನಿದರ್ಶನ.

ಕಾರ್ಖಾನೆಯ ಸಂಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಮೊದಲು ನೇಗಿಲು ಕೊಳ್ಳಲು ಹಿಂಜರಿದರು. ಇಂಥ ಅಂಜಿಕೆ ಬೆಲೆಪಟ್ಟಿ ಹಂಚಿದರೆ ಹೋಗುವಂಥದ್ದಲ್ಲ.

ಕಾರ್ಖಾನೆ 1910ರಲ್ಲಿ ಔಂಧ್ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡಿತು. ಚಿತ್ರಕಾರರೂ ಆಗಿದ್ದ ಶಂಕರರಾವ್ ಕಿರ್ಲೋಸ್ಕರ್ ಅಲ್ಲಿಂದ ‘ಖಬರ್’ ಹೊರತಂದರು. ಮೊದಲು ಕಾರ್ಖಾನೆಯ ಸುದ್ದಿ, ಸರಕಿನ ಪರಿಚಯ. ಬರಬರುತ್ತ ಕಥೆ, ಸಮಾಜ ಸುಧಾರಣೆಯ ಲೇಖನಗಳು. ಹೆಸರಿನಿಂದ ‘ಖಬರ್’ ಕಳಚಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ್’ ಪತ್ರಿಕೆಗಳು ಜೊತೆಗೂಡಿದವು. ಮಾರಾಟದ ಮಾತು ಹಿಂದೆ ಸರಿದಷ್ಟೂ ಕಂಪನಿಯ ಹೆಸರು ಮನೆಯೊಳಗೆ ಬಂತು. ಕನ್ನಡ, ಮರಾಠಿ ಎರಡೂ ನಡೆಯುವ ಬೆಳಗಾವಿ ಜಿಲ್ಲೆಯ ಕರೋಶಿ, ಚಿಕ್ಕೋಡಿ ಸೀಮೆಗೆ ಪತ್ರಿಕೆಯ ಭಾಷೆ ಹೊರಗಿನದೇನಲ್ಲ.

ಅಮೆರಿಕದ ಜಾನ್ ಡಿಯರ್ ಕಂಪನಿ 1895ರಲ್ಲೇ ರೈತರಿಗಾಗಿ ‘ದ ಫರೋ’ ಪತ್ರಿಕೆ ಶುರುಮಾಡಿತ್ತು. ಆ ಕಂಪನಿಯ ಮೂಲ ಸರಕೂ ನೇಗಿಲೇ. ಇಂದು ಕಂಪನಿಗಳು ಬ್ಲಾಗ್ ಬರೆಸುವುದು ಇದೇ ಜಾಡಿನಲ್ಲಿ, ಆದರೆ ಸಂಪಾದಕನಿಗೆ ಶಂಕರರಾವ್ ಅವರಿಗಿದ್ದಷ್ಟು ಸಲುಗೆ ಕೊಡುವವರು ವಿರಳ.