ಶಾಪವಲ್ಲ, ಬಾಗಿಲು: ಮದ್ಯವ್ಯಸನಿಯ ಕುರಿತು ಮದೀನಾದ ಪಾಠ

ಮದ್ಯವು ಹರಾಮ್ ಎಂಬುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಆದರೆ ಆ ವ್ಯಸನಕ್ಕೆ ಸಿಲುಕಿದವರೊಂದಿಗೆ ಪ್ರವಾದಿ(ಸ)ಯವರು ಹೇಗೆ ವರ್ತಿಸಿದ್ದರೆಂಬ ಚರಿತ್ರೆಯನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ಇಸ್ಲಾಮ್ ಪೂರ್ವ ಅರಬರ ಬದುಕಿನಲ್ಲಿ ಮದ್ಯವು ಹಾಸುಹೊಕ್ಕಾಗಿತ್ತು. ಆದ್ದರಿಂದ ನಿಷೇಧವು ಹಂತ ಹಂತವಾಗಿ ಬಂತು. ಅದರ ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ಪವಿತ್ರ ಕುರ್‌ಆನ್ (2:219) ಮೊದಲು ಎಚ್ಚರಿಸಿತು. ಬಳಿಕ, ಅಮಲಿನಲ್ಲಿರುವಾಗ ನಮಾಝನ್ನು ಸಮೀಪಿಸಬಾರದೆಂದು (4:43) ಆದೇಶಿಸಿತು. ಐದು ಹೊತ್ತಿನ ನಮಾಝ್‌ನ ನಡುವೆ ಕುಡಿತಕ್ಕೆ ಉಳಿದ ಸಮಯವೇ ಕುಗ್ಗಿತು. ಕೊನೆಗೆ ಸಂಪೂರ್ಣ ನಿಷೇಧ (5:90-91) ಅವತೀರ್ಣವಾದಾಗ ಮದೀನಾದ ಬೀದಿಗಳಲ್ಲಿ ಮದ್ಯವನ್ನು ಚೆಲ್ಲಲಾಯಿತು.

ಆದರೂ ಎಲ್ಲರಿಗೂ ಒಂದೇ ದಿನದಲ್ಲಿ ಬಿಡಲಾಗಲಿಲ್ಲ. ಅಬ್ದುಲ್ಲಾ ಎಂಬವರೊಬ್ಬರಿದ್ದರು. ಪ್ರವಾದಿ(ಸ)ಯವರನ್ನು ನಗಿಸುತ್ತಿದ್ದ ಅವರು ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದರು. ಒಮ್ಮೆ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು; ಈತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಇನ್ನೊಂದು ಸಂದರ್ಭದಲ್ಲಿ, ಹೀಗೆ ಹಳಿದು ಶೈತಾನನಿಗೆ ನೆರವಾಗಬೇಡಿರೆಂದು ಎಚ್ಚರಿಸಿದರು. ಎರಡೂ ಘಟನೆಗಳು ಸಹೀಹ್ ಬುಖಾರಿಯಲ್ಲಿವೆ. ಶಿಕ್ಷೆ ಜಾರಿಯಾಯಿತು, ಆದರೆ ವ್ಯಕ್ತಿಯನ್ನು ಸಮುದಾಯದಿಂದ ಹೊರದೂಡಲಿಲ್ಲ.

ಖಲೀಫ ಉಮರ್(ರ) ಶಾಮ್‌ನ ಪರಿಚಿತನೊಬ್ಬನು ಕುಡಿತಕ್ಕೆ ಬಿದ್ದನೆಂದು ತಿಳಿದಾಗ, ಪಾಪಗಳನ್ನು ಕ್ಷಮಿಸುವ ಮತ್ತು ಪಶ್ಚಾತ್ತಾಪವನ್ನು ಸ್ವೀಕರಿಸುವ ಅಲ್ಲಾಹನನ್ನು ನೆನಪಿಸುವ ವಚನವನ್ನು (40:3) ಪತ್ರದಲ್ಲಿ ಬರೆದು ಕಳುಹಿಸಿದರೆಂದು ಇಬ್ನು ಕಸೀರ್ ಉಲ್ಲೇಖಿಸಿದ್ದಾರೆ. ಆತ ಅದನ್ನು ಓದಿ ಓದಿ ಅತ್ತು, ಕುಡಿತವನ್ನು ತೊರೆದನು.

ಈ ಚರಿತ್ರೆ ಇಂದಿನ ನಮ್ಮ ಮನೆಗಳಿಗೂ ಸಲ್ಲುತ್ತದೆ. ವ್ಯಸನಿಯು ಚಿಕಿತ್ಸೆಗೆ ಹಿಂಜರಿಯುವುದು ಹಲವು ಬಾರಿ ಔಷಧದ ಭಯದಿಂದಲ್ಲ, ಜನ ಕಂಡಾರೆಂಬ ಲಜ್ಜೆಯಿಂದ. ಜಮಾಅತ್‌ನಲ್ಲಿ ಹೆಸರು ಕೆಟ್ಟೀತು, ತಂಗಿಯ ನಿಕಾಹ್‌ಗೆ ತೊಡಕಾದೀತು ಎಂಬ ಅಳುಕು ಅವನನ್ನು ಕಟ್ಟಿಹಾಕುತ್ತದೆ. ಒಬ್ಬನಿಗೆ ಪರಿಚಯದ ವೈದ್ಯರೇ ಬೇಕು. ಇನ್ನೊಬ್ಬನಿಗೆ ಯಾರೂ ಗುರುತಿಸದ ದೂರದ ಊರೇ ಲೇಸು. ಮತ್ತೊಬ್ಬನು ಫೋನಿನಲ್ಲಿ ಮಾತ್ರ ಬಾಯಿ ಬಿಟ್ಟಾನು. ಅವನು ಯಾವ ಬಾಗಿಲಿನಿಂದ ಬರಬಯಸುತ್ತಾನೆಂದು ನಾವು ಕೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಇಂತಹ ರೋಗಿಗೂ ಗೌಪ್ಯತೆಯ ಹಕ್ಕನ್ನು ನೀಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಮತ್ತು 14416 ಸರಕಾರದ ಉಚಿತ ಸಹಾಯವಾಣಿಗಳು.

ಒಂದು ಎಚ್ಚರಿಕೆ: ದೀರ್ಘಕಾಲ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಹಠಾತ್ತನೆ ಬಿಡಿಸಿದರೆ ಅಪಸ್ಮಾರ, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾ ಅಗತ್ಯ.

ಹರಾಮನ್ನು ಹರಾಮ್ ಎನ್ನೋಣ. ಅದರಿಂದ ಹೊರಬರಲು ಬಯಸುವವನ ದೋಷವನ್ನು ಮರೆಮಾಚಿ ಕೈ ಹಿಡಿಯೋಣ. ಅಲ್ಲಾಹನು ನಮ್ಮ ಮನೆಗಳನ್ನು ಈ ಪಿಡುಗಿನಿಂದ ಕಾಪಾಡಲಿ. ಆಮೀನ್.